ಟಾರ್ಚ್ ಮಾಡುವ ಕಂಪನಿಗಳವರಿಗೆ, ತೋಟದ ಕತ್ತಲೆಯಿಂದ ಒಂದು ಪತ್ರ

ಟಾರ್ಚ್ ತಯಾರಿಸುವ, ಹೊರಗಿನಿಂದ ತರಿಸಿ ಮಾರುವ ಎಲ್ಲ ಕಂಪನಿಗಳವರಿಗೆ,

ನಮಸ್ಕಾರ.

ನಾನು ತೀರ್ಥಹಳ್ಳಿ ಕಡೆಯವನು. ಒಂದಿಷ್ಟು ಅಡಿಕೆ ತೋಟ ಇದೆ. ಜೊತೆಗೆ ಒಂದು ಚಟವೂ ಇದೆ, ಟಾರ್ಚ್ ಕೊಳ್ಳುವುದು. ನಮ್ಮ ಮನೆಯ ಮೇಜಿನ ಡ್ರಾಯರಿನಲ್ಲಿ ಈಗ 17 ಟಾರ್ಚ್ ಇವೆ. ಅದರಲ್ಲಿ 11 ಹತ್ತುತ್ತವೆ. ರಾತ್ರಿ ನಂಬಿಕೊಂಡು ತೋಟಕ್ಕೆ ಒಯ್ಯಬಹುದಾದವು 3. ಹತ್ತುತ್ತವೆ ಆದರೆ ನಂಬುವ ಹಾಗಿಲ್ಲ ಅನ್ನುವ ಆ ಎಂಟು ಇವೆಯಲ್ಲ, ಈ ಪತ್ರ ಮುಖ್ಯವಾಗಿ ಅವುಗಳದ್ದು.

ನಮ್ಮಲ್ಲಿ ಟಾರ್ಚಿಗೆ ‘ಬ್ಯಾಟ್ರಿ’ ಅಂತಲೇ ಹೆಸರು. ಒಳಗೆ ಹಾಕುವುದು ‘ಶೆಲ್ಲು’. ‘ಇಲ್ಲಿ ಸ್ವಲ್ಪ ಬ್ಯಾಟ್ರಿ ಬಿಡೋ’ ಅಂದರೆ ಬೆಳಕು ಹಾಯಿಸು ಅಂತ. ಮೊಬೈಲಿನಲ್ಲೇ ಲೈಟ್ ಇದೆಯಲ್ಲ ಅಂತ ಪೇಟೆಯವರು ಕೇಳುತ್ತಾರೆ. ಮಲೆನಾಡಿನ ಮಳೆಯಲ್ಲಿ ಕೊಡೆ ಹಿಡಿದು ಮೊಬೈಲಿನಿಂದ ದಾರಿ ನೋಡಿಕೊಂಡು ಹತ್ತು ಹೆಜ್ಜೆ ನಡೆದವರು ಆಮೇಲೆ ಆ ಪ್ರಶ್ನೆ ಕೇಳುವುದಿಲ್ಲ.

ಕಳೆದ ವರ್ಷ ಜುಲೈ. ರಾತ್ರಿ ಒಂಬತ್ತೂವರೆ. ಮೂರು ದಿನದಿಂದ ಬಿಡದೆ ಹಿಡಿದ ಮಳೆ. ಹಳ್ಳದಾಚೆ ಬಸಿಗಾಲುವೆಗೆ ಸೋಗೆ ಬಿದ್ದು ನೀರು ಕಟ್ಟಿಕೊಂಡಿದೆ ಅಂತ ಅನುಮಾನ ಬಂತು. ಎಡಗೈಯಲ್ಲಿ ಕೊಡೆ, ಬಲಗೈಯಲ್ಲಿ ಹಿಂದಿನ ವಾರ ತರಿಸಿದ್ದ ಹೊಸ ಟಾರ್ಚ್. ಹಳ್ಳಕ್ಕೆ ಎರಡು ಅಡಿಕೆ ಮರ ಜೋಡಿಸಿ ಹಾಕಿದ ಸಂಕ. ಪಾಚಿ ಹಿಡಿದು ಜಾರುತ್ತದೆ. ಸಂಕದ ನಡುವೆ ಬಂದಾಗ ಬೆಳಕು ಜಾಸ್ತಿ ಆಯಿತು ಅನ್ನಿಸಿತು. ಒದ್ದೆ ಮರ ಕನ್ನಡಿ ಹಾಗೆ ಹೊಳೆದು ಕಣ್ಣಿಗೇ ಹೊಡೆಯುತ್ತಿತ್ತು. ಸ್ವಲ್ಪ ಕಡಿಮೆ ಮಾಡೋಣ ಅಂತ ಗುಂಡಿ ಒತ್ತಿದೆ.

ಕಡಿಮೆ ಆಗಲಿಲ್ಲ. ಟಾರ್ಚ್ ಪಟಪಟ ಮಿಟುಕಲು ಶುರು ಮಾಡಿತು. ಮಳೆಹನಿಗಳು ಗಾಳಿಯಲ್ಲಿ ನಿಂತುಬಿಟ್ಟ ಹಾಗೆ ಕಂಡವು. ಸಂಕ ಇದೆ, ಇಲ್ಲ, ಇದೆ, ಇಲ್ಲ. ಕಾಲು ಎಲ್ಲಿದೆ ಅಂತ ಕಣ್ಣು ಹೇಳುತ್ತಿಲ್ಲ. ಗಾಬರಿಯಲ್ಲಿ ಇನ್ನೊಮ್ಮೆ ಒತ್ತಿದೆ. ಈಗ ಎಸ್‌ಓಎಸ್. ಕಾಪಾಡಿ ಅಂತ ಕರೆಯುವ ಸಂಕೇತ. ಮೂರು ಗಿಡ್ಡ, ಮೂರು ಉದ್ದ, ಮೂರು ಗಿಡ್ಡ. ನನ್ನ ಪರಿಸ್ಥಿತಿಗೆ ಸರಿಯಾಗಿಯೇ ಇತ್ತು ಬಿಡಿ, ಆದರೆ ನೋಡಿ ಓಡಿ ಬರುವವರು ಯಾರೂ ಇರಲಿಲ್ಲ. ಕೊಡೆ ಕೈಬಿಟ್ಟೆ. ಸಂಕದ ಮೇಲೆ ಕೂತು, ಎರಡೂ ಕಡೆ ಕಾಲು ಇಳಿಬಿಟ್ಟು, ಕುದುರೆ ಹತ್ತಿದವನ ಹಾಗೆ ಜರುಗಿಕೊಂಡು ದಡ ಸೇರಿದೆ. ಕೊಡೆ ಮರುದಿನ ಕೆಳಗಿನ ಬಿದಿರು ಮೆಳೆಯಲ್ಲಿ ಸಿಕ್ಕಿತು.

ಈಗ ಕೇಳುತ್ತೇನೆ. ಬೆಳಕು ಕಡಿಮೆ ಮಾಡುವ ಗುಂಡಿಯ ದಾರಿಯಲ್ಲಿ ಆ ಮಿಟುಕಾಟವನ್ನು ಇಟ್ಟವರು ಯಾರು?

ಈ ಮಿಟುಕಾಟ, ಅಂದರೆ ಸ್ಟ್ರೋಬ್, ಯಾಕೆ ಬಂತು ಅಂತ ನನಗೆ ಗೊತ್ತು. ಪೊಲೀಸರಿಗೆ, ಸೈನಿಕರಿಗೆ ಅಂತ ಮಾಡಿದ ಟಾರ್ಚುಗಳಲ್ಲಿ ಎದುರಿಗಿರುವವನ ಕಣ್ಣು ಕಕ್ಕಾಬಿಕ್ಕಿ ಆಗಲಿ ಅಂತ ಇಟ್ಟದ್ದು. ನನ್ನ ಕೈಯಲ್ಲಿ ಕಕ್ಕಾಬಿಕ್ಕಿ ಆಗುವುದು ನಾನೇ. ಅಗ್ಗದ ಟಾರ್ಚುಗಳಲ್ಲಿ ಹಿಂದಿನ ಗುಂಡಿಯನ್ನು ಅರ್ಧ ಒತ್ತಿದರೆ ಕ್ಷಣಕಾಲ ಕರೆಂಟ್ ಕಡಿಯುತ್ತದೆ. ಒಳಗಿನ ಚಿಪ್ ಅದನ್ನು ಗುರುತಿಸಿ ಮುಂದಿನ ಮೋಡ್‌ಗೆ ಹಾರುತ್ತದೆ. ಜೋರು, ಮಧ್ಯಮ, ಮಂದ, ಸ್ಟ್ರೋಬ್, ಎಸ್‌ಓಎಸ್, ಮತ್ತೆ ಜೋರು. ಗಾಣದ ಎತ್ತಿನ ಹಾಗೆ ಸುತ್ತಬೇಕು. ಒಂದು ದಾಟಿ ಹೋದರೆ ವಾಪಸ್ ಬರಲು ಮಿಟುಕಾಟ ನೋಡಿಯೇ ಬರಬೇಕು. ಇದನ್ನು ಸರಿ ಮಾಡಲು ಹೊಸ ಬಿಡಿಭಾಗ ಏನೂ ಬೇಡ. ಸ್ಟ್ರೋಬ್ ಬೇಕು ಅನ್ನುವವರಿಗೆ ಗುಂಡಿಯನ್ನು ಬೇಗ ಬೇಗ ಎರಡು ಸಲ ಒತ್ತಿದರೆ ಬರಲಿ. ಕೆಲವು ಕಂಪನಿಗಳು ಹಾಗೇ ಮಾಡುತ್ತವೆ. ಉಳಿದವರು ಮಾಡದೇ ಇರುವುದಕ್ಕೆ ನನಗೆ ಕಾಣುವ ಕಾರಣ ಒಂದೇ. ಅಂಗಡಿಯಲ್ಲಿ ‘ನೋಡಿ ಸಾರ್, ಐದು ಮೋಡು’ ಅಂತ ಪಟಪಟ ಒತ್ತಿ ತೋರಿಸಲು ಅನುಕೂಲ.

ನನ್ನ ದೂರೆಲ್ಲ ಇದೇ. ನೀವು ಟಾರ್ಚ್ ಮಾಡುತ್ತಿರುವುದು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ, ಎರಡೂ ಕೈ ಖಾಲಿ ಇರುವವರಿಗೆ. ನಾವು ಬಳಸುವುದು ಕತ್ತಲೆಯಲ್ಲಿ, ಒಂದೇ ಕೈಯಲ್ಲಿ. ಅದೂ ಒದ್ದೆ ಕೈ.

ಅಜ್ಜನ ಹತ್ತಿರ ಮೂರು ಶೆಲ್ಲಿನ ಹಿತ್ತಾಳೆ ಎವರೆಡಿ ಇತ್ತು. ಅದರ ಸ್ವಿಚ್ ನೆನಪಿದೆಯಾ? ಮೇಲೆ ಜಾರುವ ಗುಬ್ಬಿ, ಅದರ ಪಕ್ಕ ಒಂದು ಒತ್ತುಗುಂಡಿ. ಗುಬ್ಬಿ ಹಿಂದೆ ಇದ್ದರೆ ಆಫ್. ಮಧ್ಯ ಇದ್ದರೆ ಗುಂಡಿ ಒತ್ತಿದಷ್ಟು ಹೊತ್ತು ಮಾತ್ರ ಬೆಳಕು. ಮುಂದೆ ತಳ್ಳಿದರೆ ಆನ್. ಹೆಬ್ಬೆರಳಿಗೆ ಎಲ್ಲವೂ ಗೊತ್ತಾಗುತ್ತಿತ್ತು. ಹಚ್ಚುವ ಮೊದಲೇ ಏನಾಗುತ್ತದೆ ಅಂತ ತಿಳಿಯುತ್ತಿತ್ತು. ಹಿಂದಿನ ಮುಚ್ಚಳ ಬಿಚ್ಚಿದರೆ ಸ್ಪ್ರಿಂಗಿನ ನಡುವೆ ಒಂದು ಬಿಡಿ ಬಲ್ಬ್. ಬಲ್ಬ್ ಸುಟ್ಟು ಹೋಗುವುದು ಮನೆಯಲ್ಲಲ್ಲ, ದಾರಿಯಲ್ಲಿ ಅಂತ ಅದನ್ನು ಮಾಡಿದವನಿಗೆ ಗೊತ್ತಿತ್ತು. ಆ ಟಾರ್ಚಿನ ಬೆಳಕು ಹಳದಿ, ಮಂಕು, ಇವತ್ತಿನ ಬೆರಳುದ್ದದ ಎಲ್‌ಇಡಿಯ ಮುಂದೆ ಏನೂ ಅಲ್ಲ. ಹಳೆಯದೇ ಚೆನ್ನ ಅಂತ ಹಾಡುವವನು ನಾನಲ್ಲ. ಮೂರು ದಪ್ಪ ಶೆಲ್ಲು ಹೊತ್ತು ಕೈ ಸೋತದ್ದು ನನಗೆ ಮರೆತಿಲ್ಲ. ಶೆಲ್ಲು ಸೋರಿ ಒಳಗೆಲ್ಲ ಕಿಲುಬು ಹಿಡಿದು ಮುಚ್ಚಳ ಬಿಚ್ಚಲು ಇಕ್ಕಳ ತಂದದ್ದೂ ಇದೆ. ಆದರೆ ಸ್ವಿಚ್ ಮಾಡಿದವನು ಕತ್ತಲೆ ನೋಡಿದ್ದ.

ಈಗ ಡಬ್ಬಿಯ ಮೇಲಿನ ನಂಬರಿಗೆ ಬರೋಣ.

ನನ್ನ ಡ್ರಾಯರಿನಲ್ಲಿ ಒಂದು ಟಾರ್ಚ್ ಇದೆ. ಡಬ್ಬಿಯ ಮೇಲೆ 10,000 ಲ್ಯೂಮೆನ್ ಅಂತ ದಪ್ಪ ಅಕ್ಷರದಲ್ಲಿದೆ. ಲ್ಯೂಮೆನ್ ಅಂದರೆ ಟಾರ್ಚ್ ಒಟ್ಟು ಎಷ್ಟು ಬೆಳಕು ಕೊಡುತ್ತದೆ ಅನ್ನುವ ಅಳತೆ. ಒಳಗಿರುವುದು 18650 ಅನ್ನುವ ಅಳತೆಯ ಒಂದೇ ಒಂದು ಲಿಥಿಯಂ ಸೆಲ್. ಲೆಕ್ಕ ಹಾಕೋಣ. ಒಳ್ಳೆಯ ಎಲ್‌ಇಡಿ ಒಂದು ವಾಟಿಗೆ 125 ಲ್ಯೂಮೆನ್ ಕೊಡುತ್ತದೆ ಅಂತ ಇಟ್ಟುಕೊಂಡರೂ 10,000ಕ್ಕೆ 80 ವಾಟ್ ಬೇಕು. ಒಂದು ಒಳ್ಳೆಯ 18650ರಲ್ಲಿ ಇರುವುದು ಸುಮಾರು 12 ವಾಟ್-ಅವರ್, 12 ವಾಟನ್ನು ಒಂದು ಗಂಟೆ ಕೊಡುವಷ್ಟು. ಅಂದರೆ ಒಂಬತ್ತು ನಿಮಿಷಕ್ಕೆ ಎಲ್ಲ ಖಾಲಿ. ಅಷ್ಟರಲ್ಲಿ ಕೈಯಲ್ಲಿರುವುದು ಟಾರ್ಚ್ ಅಲ್ಲ, ದೋಸೆ ಕಾವಲಿ. ನನ್ನ ಟಾರ್ಚ್ ಬಿಸಿಯೇ ಆಗುವುದಿಲ್ಲ. ಪಕ್ಕದಲ್ಲಿ 300 ಲ್ಯೂಮೆನ್ನಿನ ಇನ್ನೊಂದನ್ನು ಹಚ್ಚಿದರೆ ಎರಡೂ ಹೆಚ್ಚುಕಮ್ಮಿ ಒಂದೇ. ಸೆಲ್ಲಿನ ಮೇಲೂ ಸುಳ್ಳು. ಎಷ್ಟು ಕರೆಂಟ್ ಹಿಡಿಸುತ್ತದೆ ಅನ್ನುವುದಕ್ಕೆ 9,900 ಎಂಎಎಚ್ ಅಂತ ಬರೆದಿದೆ. 18650 ಅನ್ನುವ ಹೆಸರಿನಲ್ಲೇ ಅಳತೆ ಇದೆಯಲ್ಲ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಆ ಗಾತ್ರದಲ್ಲಿ ಒಳ್ಳೆಯ ಕಂಪನಿಯ ಸೆಲ್ಲು ತುಂಬಿಸಿ ಕೊಡುವುದು 3,500ರ ಆಸುಪಾಸು. ಸೇರಿನಲ್ಲಿ ಮೂರು ಸೇರು ಅಕ್ಕಿ ತುಂಬಿದ್ದೇನೆ ಅಂದ ಹಾಗಾಯಿತು.

ಇದು ಕಳ್ಳರ ಕತೆ ಆಯಿತು. ಮರ್ಯಾದಸ್ಥ ಕಂಪನಿಗಳೂ ನಂಬರಿನಲ್ಲಿ ಚೂರು ಜಾಣತನ ಮಾಡುತ್ತವೆ. ಎಫ್‌ಎಲ್1 ಅಂತ ಒಂದು ಅಮೆರಿಕನ್ ಮಾನದಂಡ ಇದೆ. 2009ರಲ್ಲಿ ಬಂತು. ಅದು ಬಂದದ್ದು ಒಳ್ಳೆಯದೇ, ಅದಕ್ಕೂ ಮೊದಲು ಕೇಳುವವರೇ ಇರಲಿಲ್ಲ. ಆದರೆ ಅದರ ನಿಯಮ ನೋಡಿ. ಟಾರ್ಚ್ ಹಚ್ಚಿ 30 ಸೆಕೆಂಡ್ ಆದಮೇಲೆ ಬೆಳಕು ಅಳೆಯಬಹುದು. ಎಷ್ಟು ಹೊತ್ತು ಉರಿಯುತ್ತದೆ ಅನ್ನುವುದನ್ನು ಬೆಳಕು ಮೊದಲಿನ ಶೇ 10ಕ್ಕೆ ಇಳಿಯುವವರೆಗೂ ಎಣಿಸಬಹುದು. ಹಾಗಾಗಿ ಏನಾಗುತ್ತದೆ? ಒಂದು ಟಾರ್ಚ್ ಟರ್ಬೊ, ಅಂದರೆ ಅತಿ ಜೋರು ಮೋಡ್, ಒತ್ತಿದಾಗ 1,200 ಲ್ಯೂಮೆನ್ ಕೊಟ್ಟು, ಬಿಸಿ ತಡೆಯಲಾರದೆ ಎರಡೇ ನಿಮಿಷಕ್ಕೆ 400ಕ್ಕೆ ಇಳಿದು, ಆಮೇಲೆ ಎರಡು ಮೂರು ಗಂಟೆ ಹಾಗೇ ತೆವಳಿದರೂ ಡಬ್ಬಿಯ ಮೇಲೆ ‘1,200 ಲ್ಯೂಮೆನ್, 3 ಗಂಟೆ’ ಅಂತ ಅಕ್ಕಪಕ್ಕ ಬರೆಯಬಹುದು. ಎರಡೂ ನಿಜ. ಒಟ್ಟಿಗೆ ಓದಿದರೆ ಸುಳ್ಳು.

ದೂರದ ಲೆಕ್ಕವೂ ಹೀಗೇ. 500 ಮೀಟರ್ ಅಂತ ಬರೆದಿದ್ದರೆ, ಅಷ್ಟು ದೂರದಲ್ಲಿ ಬೀಳುವುದು ಕಾಲು ಲಕ್ಸ್ ಬೆಳಕು. ಅಂದರೆ ಸುಮಾರಾಗಿ ಹುಣ್ಣಿಮೆ ಬೆಳದಿಂಗಳು. ಅರ್ಧ ಕಿಲೋಮೀಟರ್ ಆಚೆ ಬೆಳದಿಂಗಳಲ್ಲಿ ನಿಂತದ್ದು ಕಾಟಿಯೋ ಪಕ್ಕದ ಮನೆ ಎಮ್ಮೆಯೋ ಅಂತ ಹೇಳುವ ಕಣ್ಣು ನನಗಂತೂ ಇಲ್ಲ. ಡಬ್ಬಿಯ ದೂರವನ್ನು ಅರ್ಧ ಮಾಡಿಕೊಳ್ಳಿ ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ.

ತಮಾಷೆ ಅಂದರೆ, 1899ರಲ್ಲಿ ಡೇವಿಡ್ ಮಿಸೆಲ್ ಎಂಬಾತನಿಗೆ ಅಮೆರಿಕದಲ್ಲಿ ಕೊಳವೆ ಆಕಾರದ ಕೈದೀಪಕ್ಕೆ ಪೇಟೆಂಟ್ ಸಿಕ್ಕಿತು. ಅದನ್ನು ಮಾಡಿದ ಕಂಪನಿಯೇ ಮುಂದೆ ಎವರೆಡಿ ಆಯಿತು. ಆಗಿನ ಬ್ಯಾಟರಿ, ಬಲ್ಬು ಎರಡೂ ದುರ್ಬಲ. ಹೆಚ್ಚು ಹೊತ್ತು ಉರಿಯುತ್ತಿರಲಿಲ್ಲ, ಒಮ್ಮೆ ಮಿಂಚಿಸಿ ಆರಿಸಬೇಕಿತ್ತು. ಅದಕ್ಕೇ ಅಮೆರಿಕದವರು ಫ್ಲ್ಯಾಶ್‌ಲೈಟ್ ಅಂದರು. ನೂರಿಪ್ಪತ್ತು ಚಿಲ್ಲರೆ ವರ್ಷ ಆದಮೇಲೆ ನಿಮ್ಮ ಟರ್ಬೊ ಮೋಡು ನಮ್ಮನ್ನು ಮತ್ತೆ ಅಲ್ಲಿಗೇ ತಂದು ಬಿಟ್ಟಿದೆ.

ಜೋರು ಬೆಳಕಿನ ಹುಚ್ಚಿನಲ್ಲಿ ಮಂದ ಬೆಳಕನ್ನು ಮರೆತೇಬಿಟ್ಟಿರಿ. ನನ್ನ ಎಂಟರಲ್ಲಿ ಐದು ಟಾರ್ಚುಗಳ ‘ಲೋ’ ಅಂದರೆ ಮೊದಲಿನ ಕಾಲದ ಜೀಪಿನ ಹೆಡ್‌ಲೈಟ್. ಕತ್ತಲೆಗೆ ಕಣ್ಣು ಪೂರ್ತಿ ಒಗ್ಗಲು ಅರ್ಧ ಗಂಟೆ ಬೇಕು. ಒಮ್ಮೆ ಬೆಳಕು ರಾಚಿದರೆ ಅಷ್ಟೂ ಹೋಯಿತು. ನಡುರಾತ್ರಿ ಎದ್ದು ಬಚ್ಚಲಿಗೆ ಹೋಗಲು, ಮಲಗಿದವರನ್ನು ಎಬ್ಬಿಸದೆ ಮಾತ್ರೆ ಹುಡುಕಲು ಒಂದು ಲ್ಯೂಮೆನ್ ಧಾರಾಳ ಸಾಕು. ಕೊಟ್ಟಿಗೆಯಲ್ಲಿ ಹಸು ಕರು ಹಾಕುತ್ತಿದ್ದರೆ ಅದರ ಮುಖಕ್ಕೆ ಜೋರು ಬೆಳಕು ಬಿಟ್ಟು ನೋಡಿ, ಹಸು ಎದ್ದು ನಿಲ್ಲುತ್ತದೆ. ನಮ್ಮಮ್ಮ ಇದಕ್ಕೆ ಉಪಾಯ ಕಂಡುಕೊಂಡಿದ್ದಾಳೆ. ಟಾರ್ಚಿನ ಮೂತಿಗೆ ಸೆರಗನ್ನು ಎರಡು ಮಡಿಕೆ ಮಾಡಿ ಮುಚ್ಚಿ ಹಿಡಿಯುತ್ತಾಳೆ. ನಿಮ್ಮ ಇಂಜಿನಿಯರುಗಳು ಇಡದೇ ಹೋದ ಲೋ ಮೋಡ್ ಅದು. ಹತ್ತಿ ಸೀರೆಯಲ್ಲಿ ಚೆನ್ನಾಗಿ ಬರುತ್ತದೆ.

ಕೆಲವು ಟಾರ್ಚುಗಳಲ್ಲಿ ಮಂದ ಬೆಳಕು ಇದೆ, ಆದರೆ ಅದನ್ನು ಪಟಪಟ ಆನ್ ಆಫ್ ಮಾಡಿ ಸಾಧಿಸಿರುತ್ತಾರೆ. ಪಿಡಬ್ಲ್ಯೂಎಂ ಅನ್ನುತ್ತಾರಲ್ಲ, ಅದೇ. ಬೇಗ ಬೇಗ ಮಾಡಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ನಿಧಾನ ಮಾಡಿದರೆ ಮಳೆಯಲ್ಲಿ ಸಿಕ್ಕಿಬೀಳುತ್ತದೆ. ಬೀಳುವ ಹನಿ ಗೆರೆಯಾಗಿ ಕಾಣಬೇಕಾದ್ದು ಚುಕ್ಕೆ ಚುಕ್ಕೆಯಾಗಿ, ದಾರ ಕಡಿದ ಮಣಿಸರದ ಹಾಗೆ ಕಾಣುತ್ತದೆ. ಅರ್ಧ ಗಂಟೆ ಅದರಲ್ಲಿ ನಡೆದರೆ ನನಗೆ ತಲೆನೋವು ಗ್ಯಾರಂಟಿ. ಮಳೆ ಇಲ್ಲದ ಊರಿನವರು ತಿರುಗುವ ಫ್ಯಾನಿಗೆ ಬಿಟ್ಟು ನೋಡಬಹುದು.

ಬಣ್ಣದ ವಿಷಯಕ್ಕೆ ಸ್ವಲ್ಪ ತಾಳ್ಮೆಯಿಂದ ಕಿವಿ ಕೊಡಿ. ಇದು ನನಗೆ ಎಲ್ಲಕ್ಕಿಂತ ಮುಖ್ಯ.

ಬಿಳಿ ಎಲ್‌ಇಡಿ ಅಂದರೆ ನಿಜವಾಗಿ ನೀಲಿ ಎಲ್‌ಇಡಿ, ಮೇಲೆ ಹಳದಿ ಲೇಪ. ನೀಲಿಯ ಒಂದಷ್ಟು ಪಾಲು ಲೇಪದಲ್ಲಿ ಹಳದಿಯಾಗಿ, ಉಳಿದದ್ದು ಹಾಗೇ ಬಂದು, ಎರಡೂ ಸೇರಿ ಕಣ್ಣಿಗೆ ಬಿಳಿ ಅನ್ನಿಸುತ್ತದೆ. ಆ ನೀಲಿ ಎಲ್‌ಇಡಿಗಾಗಿಯೇ ಅಕಸಾಕಿ, ಅಮಾನೊ, ನಕಮುರ ಮೂವರಿಗೂ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆದರೆ ಅಗ್ಗದ ಲೇಪದಲ್ಲಿ ಕೆಂಪು ಕಡಿಮೆ. ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವುದಕ್ಕೆ ಸಿಆರ್‌ಐ ಅಂತ ಅಂಕ ಕೊಡುತ್ತಾರೆ. ಅಜ್ಜನ ಹಳದಿ ಬಲ್ಬಿಗೆ ನೂರಕ್ಕೆ ಹತ್ತಿರ ಹತ್ತಿರ ನೂರು. ಅಗ್ಗದ ಎಲ್‌ಇಡಿಗೆ ಎಪ್ಪತ್ತರ ಸುಮಾರು. ಜೊತೆಗೆ ನೀಲಿ ಛಾಯೆ. ಕೆಲವಕ್ಕೆ ಹಸಿರು ಛಾಯೆ, ಅದರಲ್ಲಿ ಮನುಷ್ಯರ ಮುಖ ಕಾಮಾಲೆ ಹಿಡಿದವರ ಹಾಗೆ.

ತೋಟದಲ್ಲಿ ಇದರಿಂದ ಏನಾಗುತ್ತದೆ ಹೇಳುತ್ತೇನೆ. ಕೆಳಗೆ ಬಿದ್ದ ಹಾಳೆ, ಸೋಗೆ, ಒಣ ಎಲೆ ಎಲ್ಲ ಕಂದು. ಅದರ ಮೇಲೆ ಮಲಗುವ ಕೊಳಕುಮಂಡಲವೂ ಕಂದು. ಮೈಮೇಲೆ ಸರಪಳಿಯ ಹಾಗೆ ಗಾಢ ಕಂದು ಮಚ್ಚೆ. ಒಳ್ಳೆಯ ಬೆಳಕಿನಲ್ಲಿ ಆ ಎರಡು ಕಂದು ಬೇರೆ ಬೇರೆ. ನೀಲಿ ಬೆಳಕಿನಲ್ಲಿ ಎಲ್ಲಕ್ಕೂ ಒಂದೇ ಬೂದಿ ಬಣ್ಣ. ನಾನು ಎರಡು ಟಾರ್ಚ್ ಹಿಡಿದು ಒಂದೇ ಜಾಗಕ್ಕೆ ಬಿಟ್ಟು ನೋಡಿದ್ದೇನೆ. ಹಾವನ್ನಲ್ಲ ಮಾರಾಯ್ರೇ, ಒಣ ಎಲೆ ಮೇಲೆ ಬಿದ್ದಿದ್ದ ಕಂದು ಹಗ್ಗವನ್ನು. 1,000 ಲ್ಯೂಮೆನ್ನಿನ ನೀಲಿಯಲ್ಲಿ ಹುಡುಕಬೇಕಾಯಿತು. 200 ಲ್ಯೂಮೆನ್ನಿನ ಬೆಚ್ಚನೆ ಬೆಳಕಿನಲ್ಲಿ ತಾನಾಗಿ ಕಣ್ಣಿಗೆ ಬಿತ್ತು. ಉಂಬಳ ಕಚ್ಚಿದ ಕಾಲು ನೋಡಿಕೊಳ್ಳುವಾಗಲೂ ಅಷ್ಟೇ. ಕೆಂಪು ಇಲ್ಲದ ಬೆಳಕಿನಲ್ಲಿ ರಕ್ತ ಕೆಸರಿನ ಹಾಗೆ ಕಾಣುತ್ತದೆ.

ಇದು ಹವ್ಯಾಸದವರ ನಖರಾ ಅಂದುಕೊಳ್ಳಬೇಡಿ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂಬುದು ತಜ್ಞರ ಅಂದಾಜು. ವರ್ಷಕ್ಕೆ ಸರಾಸರಿ 58,000. ಅದರಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹೆಚ್ಚಿನವರು ಹಳ್ಳಿಯವರು. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು. ಬಯಲುಸೀಮೆ ರೈತರಿಗೆ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದರೆ ಪಂಪ್ ಹಾಕಲು ಕತ್ತಲಲ್ಲೇ ಹೋಗಬೇಕು. ದಕ್ಷಿಣ ಕನ್ನಡದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವವರು ಬೆಳಕು ಹರಿಯುವ ಮೊದಲೇ ಹಣೆಗೆ ದೀಪ ಕಟ್ಟಿಕೊಂಡು ಮರದಿಂದ ಮರಕ್ಕೆ ನಡೆಯುತ್ತಾರೆ. ನಿಮ್ಮ ಗಿರಾಕಿಗಳು ಇವರು. ಸಿನಿಮಾದ ಕಮಾಂಡೋ ಅಲ್ಲ.

ತೊಂಬತ್ತಕ್ಕೂ ಮೇಲಿನ ಸಿಆರ್‌ಐ ಇರುವ ಎಲ್‌ಇಡಿ ಸಿಗುವುದಿಲ್ಲವೇ? ಧಾರಾಳ ಸಿಗುತ್ತದೆ. ಜಪಾನಿನ ನಿಚಿಯಾ ಕಂಪನಿಯ 519ಎ ಇದೆ. ಟಾರ್ಚ್ ಹುಚ್ಚಿನವರೆಲ್ಲ ಅದನ್ನು ಹುಡುಕಿ ಕೊಳ್ಳುತ್ತಾರೆ. ಆದರೆ ಅಷ್ಟೇ ಕರೆಂಟಿಗೆ ಇಂಥ ಎಲ್‌ಇಡಿಗಳ ಲ್ಯೂಮೆನ್ ಸ್ವಲ್ಪ ಕಡಿಮೆ. ಡಬ್ಬಿಯ ಮೇಲಿನ ನಂಬರ್ ಇಳಿಯುತ್ತದೆ. ಹಾಗಾಗಿ ಬಣ್ಣ ಬಿಟ್ಟಿರಿ, ನಂಬರ್ ಇಟ್ಟುಕೊಂಡಿರಿ. ಅಂದಹಾಗೆ ನೀಲಿ ಜಾಸ್ತಿ ಇದ್ದಷ್ಟೂ ಹುಳವೂ ಜಾಸ್ತಿ. ಹಣೆಗೆ ಕಟ್ಟಿಕೊಂಡವರು ಬಾಯಿ ಮುಚ್ಚಿಯೇ ಕೆಲಸ ಮಾಡಬೇಕು.

ಇನ್ನು ಚಾರ್ಜಿಂಗ್. ಸತ್ತ ಆರು ಟಾರ್ಚುಗಳಲ್ಲಿ ನಾಲ್ಕು ಒಂದೇ ಜಾತಿ. ಸಂತೆಯಲ್ಲಿ ಸಿಗುವ ಪ್ಲಾಸ್ಟಿಕ್ಕಿನವು. ಪಕ್ಕದಲ್ಲಿ ತಳ್ಳಿದರೆ ಎರಡು ಪಿನ್ ಹೊರಗೆ ಬರುತ್ತದೆ, ನೇರ ಗೋಡೆಯ ಪ್ಲಗ್ಗಿಗೆ ಚುಚ್ಚಬೇಕು. ಒಳಗೆ ನಾಲ್ಕು ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ. ಈ ಬ್ಯಾಟರಿಯನ್ನು ಖಾಲಿ ಮಾಡಿ ಹಾಗೇ ಇಟ್ಟರೆ ಒಳಗಿನ ಸೀಸದ ಹಲಗೆಗೆ ಗಟ್ಟಿ ಪೊರೆ ಕಟ್ಟಿ ಸಾಯುತ್ತದೆ. ಆದರೆ ಹಳ್ಳಿಯಲ್ಲಿ ಟಾರ್ಚ್ ಖಾಲಿ ಆಗುವುದೇ ಕರೆಂಟ್ ಇಲ್ಲದಾಗ! ಮೂರು ದಿನ ಕರೆಂಟ್ ಬರದಿದ್ದರೆ ಟಾರ್ಚೂ ಖಾಲಿಯಾಗಿ ಮೂರು ದಿನ ಬಿದ್ದಿರುತ್ತದೆ. ಒಂದು ಮಳೆಗಾಲಕ್ಕೆ ಒಂದು ಟಾರ್ಚ್. ಬ್ಯಾಟರಿ ಬದಲಾಯಿಸೋಣ ಅಂದರೆ ಅಂಟು ಹಾಕಿ ಮುಚ್ಚಿದ್ದೀರಿ. ಅಂಗಡಿಯವನು, ‘ಹೊಸದೇ ತಗೊಳ್ಳಿ, ರಿಪೇರಿಗೆ ಅದಕ್ಕಿಂತ ಜಾಸ್ತಿ ಆಗುತ್ತೆ’ ಅನ್ನುತ್ತಾನೆ. ಅವನ ತಪ್ಪಿಲ್ಲ.

ದುಡ್ಡು ಜಾಸ್ತಿ ಕೊಟ್ಟು ಲಿಥಿಯಂ ತಗೊಂಡೆವು ಅನ್ನಿ. ಅಲ್ಲಿ ಬೇರೆ ಆಟ. ಅಳತೆ 18650ದೇ, ಆದರೆ ಕಂಪನಿಯ ವಿಶೇಷ ಸೆಲ್ಲು. ಪ್ಲಸ್ಸು ಮೈನಸ್ಸು ಎರಡೂ ಒಂದೇ ತುದಿಯಲ್ಲಿ. ಮಾಮೂಲಿ ಸೆಲ್ ಹಾಕಿದರೆ ಹತ್ತುವುದಿಲ್ಲ. ಮೂರು ವರ್ಷ ಬಿಟ್ಟು ಆ ಸೆಲ್ಲು ಸಿಗದೇ ಹೋದರೆ ಟಾರ್ಚು ಕಾಗದದ ಮೇಲಿಡುವ ಭಾರ. ಚಾರ್ಜ್ ಮಾಡಲು ಇನ್ನೊಂದರದ್ದು ಅಯಸ್ಕಾಂತದ ವೈರ್. ಜಗತ್ತಿನಲ್ಲಿ ಬೇರಾವುದಕ್ಕೂ ಹೊಂದುವುದಿಲ್ಲ. ಅದನ್ನು ನಮ್ಮ ನಾಯಿ ಕಚ್ಚಿ ಹಾಕಿತು. ಅಲ್ಲಿಗೆ ಮುಗಿಯಿತು.

ಯುಎಸ್‌ಬಿ-ಸಿ ಬಂದಾಗ ನನಗೆ ಹಬ್ಬ. ಒಂದೇ ವೈರು, ಎಲ್ಲಕ್ಕೂ ಆಯಿತು ಅಂದುಕೊಂಡೆ. ಬೆಂಗಳೂರಿನ ಸ್ನೇಹಿತನ ಮನೆಯಲ್ಲಿ ರಾತ್ರಿ ಚಾರ್ಜಿಗೆ ಹಾಕಿದೆ. ಅವನದ್ದು ಎರಡೂ ತುದಿ ಸಿ ಇರುವ ವೈರು. ಬೆಳಿಗ್ಗೆ ಎದ್ದು ನೋಡಿದರೆ ಒಂದು ಚೂರೂ ಏರಿಲ್ಲ. ಕಾರಣ ಆಮೇಲೆ ತಿಳಿಯಿತು. ಸಿ ಚಾರ್ಜರ್ ಸುಮ್ನೆ ಕರೆಂಟ್ ಕೊಡುವುದಿಲ್ಲ. ಆ ಕಡೆ 5.1 ಕಿಲೋ ಓಮ್‌ನ ರೆಸಿಸ್ಟರ್ ಇದೆಯಾ ಅಂತ ಮೊದಲು ನೋಡುತ್ತದೆ. ಇದ್ದರೆ ಮಾತ್ರ ಬಾಗಿಲು ತೆರೆಯುತ್ತದೆ. ಬೇಕಾದ್ದು ಎರಡು ರೆಸಿಸ್ಟರ್. ಸಾಸಿವೆ ಕಾಳಿಗಿಂತ ಚಿಕ್ಕದು, ಬೆಲೆ ಪೈಸೆ ಲೆಕ್ಕ. ಅದನ್ನು ಬಿಟ್ಟು, 2,000 ರೂಪಾಯಿಯ ಟಾರ್ಚಿಗೆ ಹಳೆಯ ಅಗಲ ತುದಿಯ ವೈರನ್ನೇ ಹುಡುಕುವ ಹಾಗೆ ಮಾಡಿದ್ದೀರಿ. ಇದನ್ನು ನಾನು ಜಿಪುಣತನ ಅಂತಲೂ ಕರೆಯಲಾರೆ. ಜಿಪುಣರಿಗೆ ಬುದ್ಧಿ ಇರುತ್ತದೆ.

ಹೋಗುವಾಗಲೂ ಹೇಳಿ ಹೋಗುವುದಿಲ್ಲ ಈಗಿನ ಟಾರ್ಚು. ಹಳೆಯ ಶೆಲ್ಲು ಖಾಲಿ ಆಗುವಾಗ ಬೆಳಕು ಹಳದಿಯಾಗಿ, ಕೆಂಪಾಗಿ, ಕೆಂಡವಾಗಿ, ಬೇಗ ಮನೆ ಸೇರು ಮಗನೇ ಅಂತ ಹೇಳುತ್ತಿತ್ತು. ಹೊಸದರಲ್ಲಿ ಕೊನೆಯವರೆಗೂ ಪೂರ್ತಿ ಬೆಳಕು. ಆಮೇಲೆ ಸೆಲ್ಲಿನ ರಕ್ಷಣಾ ಸರ್ಕ್ಯೂಟ್ ಟಕ್ ಅಂತ ಕಡಿಯುತ್ತದೆ. ಜೋರು ಬೆಳಕಿಗೆ ಒಗ್ಗಿದ ಕಣ್ಣಿಗೆ ಆಗ ಬರುವ ಕತ್ತಲೆ ಮಾಮೂಲಿ ಕತ್ತಲೆ ಅಲ್ಲ, ಡಾಂಬರು. ಸೆಲ್ಲು ಕಾಪಾಡಲು ಕಡಿಯಲೇಬೇಕು, ಒಪ್ಪುತ್ತೇನೆ. ಆದರೆ ಕಡಿಯುವ ಹತ್ತು ಇಪ್ಪತ್ತು ನಿಮಿಷ ಮೊದಲು ಬೆಳಕು ಇಳಿಸಿ ಎರಡು ಸಲ ಕಣ್ಣು ಮಿಟುಕಿಸಿದರೆ ಏನು ಗಂಟು ಹೋಗುತ್ತದೆ? ಮಿಟುಕಿಸುವುದು ನಿಮಗೆ ಬರುತ್ತದೆ ಅಂತ ಸಂಕದ ಮೇಲೆ ನೋಡಿದ್ದೇನೆ.

ಸಣ್ಣಪುಟ್ಟದ್ದು ಬೇಗ ಹೇಳಿ ಮುಗಿಸುತ್ತೇನೆ. ದುಂಡಗಿನ ಟಾರ್ಚ್ ಇಳಿಜಾರಿನಲ್ಲಿಟ್ಟರೆ ಉರುಳುತ್ತದೆ. ಒಂದು ಕಡೆ ಚಪ್ಪಟೆ ಮಾಡಿ. ಹಿಂದಿನ ಗುಂಡಿ ಹೊರಗೆ ಉಬ್ಬಿದ್ದರೆ ನೆಟ್ಟಗೆ ನಿಲ್ಲಿಸಲು ಆಗದು. ನಿಂತರೆ ಸೂರಿಗೆ ಬೆಳಕು ಹೊಡೆದು ಇಡೀ ಕೋಣೆಗೆ ದೀಪ ಆಗುತ್ತದೆ. ಜೂಮ್ ಮಾಡಲು ಮೂತಿ ಎಳೆಯುವ ಟಾರ್ಚುಗಳು ಹೆಚ್ಚಿನವು ಅಲ್ಲೇ ನೀರು ಕುಡಿಯುತ್ತವೆ. ಪೂರ್ತಿ ಜೂಮ್ ಮಾಡಿದರೆ ಎಲ್‌ಇಡಿಯ ಚೌಕಟ್ಟಿನ ಚಿತ್ರ ಮರದ ಮೇಲೆ ಬೀಳುತ್ತದೆ, ಕಾಲ ಬುಡ ಕತ್ತಲೆ. ಮೂತಿಯ ಅಂಚಿಗೆ ಹಲ್ಲು ಮಾಡಬೇಡಿ, ಜೇಬು ಹರಿಯುತ್ತದೆ. ಪಕ್ಕದ ಗುಂಡಿಯ ಟಾರ್ಚುಗಳು ಜೇಬಿನಲ್ಲಿ ತಾವೇ ಹತ್ತಿಕೊಳ್ಳುತ್ತವೆ. ಒಮ್ಮೆ ಬಸ್ಸಿನಲ್ಲಿ ನನ್ನ ತೊಡೆ ಬಿಸಿಯಾದಾಗ ಪಕ್ಕದವರನ್ನು ಅನುಮಾನಿಸಿದ್ದೆ. ಹಿಂದಿನ ಮುಚ್ಚಳ ಕಾಲು ಸುತ್ತು ತಿರುಗಿಸಿದರೆ ಸರ್ಕ್ಯೂಟ್ ಕಡಿಯುವ ಹಾಗೆ ತಿರುಪಿಗೆ ಆನೊಡೈಸಿಂಗ್, ಅಂದರೆ ಕರೆಂಟ್ ಹಾಯದ ಪದರ, ಮಾಡಿದ್ದರೆ ಅಷ್ಟೇ ಸಾಕಿತ್ತು.

ನಮ್ಮ ಹುಚ್ಚಿನವರದ್ದೂ ತಪ್ಪಿದೆ ಅಂತ ಒಪ್ಪಿಕೊಳ್ಳಬೇಕು. ಅಂಡುರಿಲ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಟಾರ್ಚಿನ ಒಳಗಿನ ಚಿಪ್‌ಗೆ ಅಂತ ಉತ್ಸಾಹಿಗಳೇ ಬರೆದದ್ದು. ಗುಂಡಿ ಒತ್ತಿ ಹಿಡಿದರೆ ಬೆಳಕು ನಯವಾಗಿ ಏರುತ್ತದೆ, ಇಳಿಯುತ್ತದೆ. ನನಗೆ ಪಂಚಪ್ರಾಣ. ಆರಿದ್ದಾಗ ಮೂರು ಸಲ ಒತ್ತಿದರೆ ಬ್ಯಾಟರಿಯ ವೋಲ್ಟ್ ಮಿಟುಕಿಸಿ ಹೇಳುತ್ತದೆ, ನಾಲ್ಕು ಸಲ ಒತ್ತಿದರೆ ಬೀಗ. ಒಮ್ಮೆ ಅಮ್ಮನ ಕೈಗೆ ಕೊಟ್ಟೆ. ಅವಳು ಹತ್ತಲಿಲ್ಲ ಅಂತ ನಾಲ್ಕೈದು ಸಲ ಪಟಪಟ ಒತ್ತಿದಳು. ಬೀಗ ಬಿತ್ತು. ಆಮೇಲೆ ಏನೇನೋ ಆಯಿತು. ‘ಇದು ನಿನ್ನ ಹಾಗೇ ಇದೆ, ಹೇಳಿದ್ದು ಕೇಳುವುದಿಲ್ಲ’ ಅಂತ ವಾಪಸ್ ಕೊಟ್ಟಳು. ಹೊಸ ಆವೃತ್ತಿಯಲ್ಲಿ ಸರಳ ಮೋಡ್ ಕೊಟ್ಟಿದ್ದಾರೆ, ಈಗ ಅದರಲ್ಲಿಟ್ಟು ಕೊಟ್ಟಿದ್ದೇನೆ. ಸೆರಗು ಮಾತ್ರ ಇನ್ನೂ ಬಿಟ್ಟಿಲ್ಲ.

ಹಾಗಾದರೆ ನಿನಗೆ ಎಂಥದ್ದು ಬೇಕು ಮಾರಾಯ ಅಂತ ನೀವು ಕೇಳಬಹುದು. ಒಂದೇ ಕೈಯಲ್ಲಿ, ಬೆರಳಿನಿಂದಲೇ ಗುರುತು ಹತ್ತುವ ಒಂದು ಗುಂಡಿ. ಮೊದಲ ಒತ್ತಿಗೆ ಮಂದ, ಒತ್ತಿ ಹಿಡಿದರೆ ಜಾಸ್ತಿ. ಬೆಚ್ಚನೆ ಬಿಳಿ ಬೆಳಕು, ತೊಂಬತ್ತರ ಸಿಆರ್‌ಐ, ಬಿಡದೆ ಒಂದು ಗಂಟೆ ನಿಲ್ಲುವ 300 ಲ್ಯೂಮೆನ್. ಮಾಮೂಲಿ ಸೆಲ್ಲು, ಬಿಚ್ಚಿ ಹಾಕುವ ಹಾಗೆ. ಆ ಎರಡು ರೆಸಿಸ್ಟರ್. ಇದಕ್ಕೆ ಇನ್ನೂರು ಮುನ್ನೂರು ರೂಪಾಯಿ ಜಾಸ್ತಿ ಹಾಕಿ, ಕೊಡುತ್ತೇನೆ. ಡಬ್ಬಿಯ ಮೇಲೆ ನಂಬರ್ ಇಲ್ಲದಿದ್ದರೂ ಪರವಾಗಿಲ್ಲ.

ನಂಬಿಕೆ ಬರದಿದ್ದರೆ ಈ ಜುಲೈಗೆ ನಮ್ಮ ಮನೆಗೆ ಬನ್ನಿ. ನಿಮ್ಮ ಡಿಸೈನ್ ಇಂಜಿನಿಯರ್ ಬರಲಿ, ಡಬ್ಬಿಯ ಮೇಲೆ ಬರೆಯುವವರೂ ಬರಲಿ. ಗಂಬೂಟ್ಸ್, ಕೊಡೆ ನಾನು ಕೊಡುತ್ತೇನೆ. ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಅಮ್ಮ ಕೊಡುತ್ತಾಳೆ. ಊಟ ಮುಗಿಸಿ ಒಂಬತ್ತೂವರೆಗೆ ಹೊರಡೋಣ. ಹಳ್ಳದವರೆಗೆ ಹೋಗಿ, ಸಂಕ ದಾಟಿ, ಬಸಿಗಾಲುವೆ ನೋಡಿಕೊಂಡು ಬರುವುದು. ಹೋಗುವಾಗ ನಿಮ್ಮ ಟಾರ್ಚಿನಲ್ಲಿ ಹೋಗೋಣ. ಬರುವಾಗ ಬೇಕಾದರೆ ನನ್ನ ಮೂರರಲ್ಲಿ ಒಂದು ಜೇಬಿನಲ್ಲಿರುತ್ತದೆ.

ಇಂತಿ,
ಹದಿನೇಳು ಟಾರ್ಚಿನ ಒಬ್ಬ ಗಿರಾಕಿ